ತಾಯಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟಿದ್ದಾರೆ: ಎಂಟು ದಿನದ ಅರ್ಧಾಯು ಎಂದರೇನು?

ಮಲೆನಾಡಿನ ಮಗಳು ಬರೆದರು:

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಥೈರಾಯ್ಡ್ ಕ್ಯಾನ್ಸರ್ ಆಗಿ, ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯನ್ನು ತೆಗೆದ ಮೇಲೆ, ಉಳಿದಿರಬಹುದಾದ ಜೀವಕೋಶಗಳನ್ನು ನಾಶಪಡಿಸಲೆಂದು ಕಳೆದ ವಾರ ವಿಕಿರಣಶೀಲ ಅಯೋಡಿನ್ ಕೊಟ್ಟರು. ಚೀಟಿಯಲ್ಲಿ 'ಐ-131, 100 ಮಿಲಿಕ್ಯೂರಿ' ಎಂದಿದೆ. ಮೂರು ದಿನ ಪ್ರತ್ಯೇಕ ಕೊಠಡಿಯಲ್ಲಿಟ್ಟುಕೊಂಡು, ಉಪಕರಣ ಹಿಡಿದು ಅಳೆದು, ಮನೆಗೆ ಕಳುಹಿಸಿದರು. ಹೊರಡುವಾಗ ಕೈಗೆ ಒಂದು ಸೂಚನಾ ಪತ್ರ ಕೊಟ್ಟು, 'ಮಕ್ಕಳನ್ನೂ ಬಸುರಿಯರನ್ನೂ ಕೆಲವು ದಿನ ಹತ್ತಿರ ಬಿಡಬೇಡಿ, ಇದರ ಅರ್ಧಾಯು ಎಂಟು ದಿನ, ಗಾಬರಿ ಬೇಡ' ಎಂದರು. ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಲಿಲ್ಲ.

ಅಮ್ಮ ಈಗ ಮಹಡಿಯ ಕೋಣೆಯಲ್ಲಿದ್ದಾರೆ. ತಟ್ಟೆ, ಲೋಟ, ಟವೆಲ್ಲು ಬೇರೆ. ಆರು ವರ್ಷದ ನನ್ನ ಮಗಳು ಮೆಟ್ಟಿಲಿನ ಮೂರನೆಯ ಹಂತದಲ್ಲಿ ಕುಳಿತು, ಅಲ್ಲಿಂದಲೇ ಕೂಗಿ ಅಜ್ಜಿಯ ಜೊತೆ ಮಾತನಾಡುತ್ತಾಳೆ. ಇದನ್ನು ನಾವು ಸಹಿಸಿಕೊಂಡಿದ್ದೇವೆ. ಆದರೆ ನೆಂಟರೊಬ್ಬರು ಎಲ್ಲಿಯೋ 'ವಿಕಿರಣಶೀಲ ಕ್ಷಯ' ಎಂಬ ಪದವನ್ನು ಓದಿ, ಅದನ್ನು ಕ್ಷಯರೋಗದಂತೆ ಅಂಟುಜಾಡ್ಯವೆಂದೇ ತಿಳಿದು, ಅಮ್ಮ ಮುಟ್ಟಿದ ಬಾಗಿಲ ಚಿಲಕವನ್ನು ಮುಟ್ಟಲೂ ಹಿಂಜರಿದರು. ಆ ಮಾತು ಅಮ್ಮನ ಕಿವಿಗೂ ಬಿದ್ದಿದೆ. ಅಂದಿನಿಂದ ಅವರು ಊಟದ ತಟ್ಟೆಯನ್ನು ಬಾಗಿಲ ಹೊರಗೆ ಇಟ್ಟು ಹೋಗಿ ಎನ್ನುತ್ತಾರೆ.

ನಾನು ವಿಜ್ಞಾನ ಓದಿದವಳಲ್ಲ. ಎಂಟು ದಿನಕ್ಕೆ ಅರ್ಧ ಎಂದರೆ ಹದಿನಾರು ದಿನಕ್ಕೆ ಪೂರ್ತಿ ಮುಗಿಯುತ್ತದೆಯೇ? ಅಮ್ಮ ಮುಟ್ಟಿದ್ದೆಲ್ಲ ವಿಕಿರಣಶೀಲವಾಗುತ್ತದೆಯೇ? ತಿಳಿದವರು ದಯವಿಟ್ಟು ಬುಡದಿಂದ ವಿವರಿಸಬೇಕು.

ನಿವೃತ್ತ ಭೌತಶಾಸ್ತ್ರ ಅಧ್ಯಾಪಕ ಬರೆದರು:

ತಾಯಿಯವರು ಬೇಗ ಗುಣಮುಖರಾಗಲಿ. ಮೊದಲು ಆ ಪದದ ವಿಚಾರ. ಇಲ್ಲಿ ಕ್ಷಯ ಎಂದರೆ ಕ್ಷೀಣಿಸುವುದು, ಸವೆಯುವುದು. ಕೃಷ್ಣಪಕ್ಷದ ಚಂದ್ರನಿಗೆ ಹೇಳುವ ಕ್ಷಯವೇ ಇದು. ಅಸ್ಥಿರವಾದ ಒಂದು ಪರಮಾಣುವಿನ ನ್ಯೂಕ್ಲಿಯಸ್ ಒಂದು ಕಣವನ್ನೋ ಕಿರಣವನ್ನೋ ಹೊರಹಾಕಿ ಇನ್ನೊಂದು ನ್ಯೂಕ್ಲಿಯಸ್ ಆಗುವ ಕ್ರಿಯೆಗೆ ಆ ಹೆಸರಿಟ್ಟಿದ್ದಾರೆ. ರೋಗಾಣುವಿನಂತೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವ ಗುಣ ಅದಕ್ಕಿಲ್ಲ. ಇರುವುದು ದಿನದಿನಕ್ಕೆ ಕಡಿಮೆಯಾಗುತ್ತದೆ, ಅಷ್ಟೇ. ನಿಮ್ಮ ನೆಂಟರಿಗೆ ಈ ಒಂದು ಮಾತು ಮುಟ್ಟಿದರೆ ಅರ್ಧ ಕೆಲಸ ಆದಂತೆ.

ಇನ್ನು ಹದಿನಾರು ದಿನದ ಲೆಕ್ಕ. ಇದನ್ನು ತರಗತಿಯಲ್ಲಿ ನಾನು ಹುಣಸೆ ಬೀಜದಿಂದ ಮಾಡಿಸುತ್ತಿದ್ದೆ. ಚೌಕಾಬಾರ ಆಡಲು ಒಂದು ಮೈಯನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡುತ್ತಾರಲ್ಲ, ಅಂಥ 128 ಬೀಜಗಳನ್ನು ಒಂದು ಡಬ್ಬದಲ್ಲಿ ಕುಲುಕಿ ನೆಲಕ್ಕೆ ಸುರಿಯುವುದು. ಬಿಳಿ ಮೈ ಮೇಲೆ ಬಂದವನ್ನು 'ಕ್ಷಯವಾದವು' ಎಂದು ಆರಿಸಿ ಹೊರಗಿಡುವುದು. ಉಳಿದವನ್ನು ಮತ್ತೆ ಕುಲುಕುವುದು. ಒಮ್ಮೆ ಮಕ್ಕಳು ಹಲಗೆಯ ಮೇಲೆ ಬರೆದ ಎಣಿಕೆ ಹೀಗಿತ್ತು: 128, 61, 33, 15, 8, 3, 3, 1. ಎರಡನೆಯ ಎಸೆತಕ್ಕೇ ಎಲ್ಲವೂ ಮುಗಿಯಲಿಲ್ಲ, ಏಕೆಂದರೆ ಎರಡನೆಯ ಸಲ ಅರ್ಧವಾಗುವುದು ಮೊದಲಿನ 128 ಅಲ್ಲ, ಉಳಿದುಕೊಂಡ 61. ಮೂರು ಬೀಜ ಉಳಿದಾಗ ಮುಂದಿನ ಎಸೆತದಲ್ಲಿ ಒಂದೂ ಮಗುಚಲಿಲ್ಲ ಎಂಬುದನ್ನೂ ಗಮನಿಸಿ. ಸಂಖ್ಯೆ ದೊಡ್ಡದಿದ್ದಾಗ ಮಾತ್ರ 'ಅರ್ಧ' ಎಂಬ ಮಾತು ಅಚ್ಚುಕಟ್ಟಾಗಿ ನಿಲ್ಲುತ್ತದೆ.

ಅಯೋಡಿನ್-131ರ ಎಸೆತಕ್ಕೆ ಎಂಟು ದಿನ. ಎಂಟು ದಿನಕ್ಕೆ ಅರ್ಧ, ಹದಿನಾರಕ್ಕೆ ಕಾಲು, ಇಪ್ಪತ್ತನಾಲ್ಕಕ್ಕೆ ಅರೆಕಾಲು, ಎಂಬತ್ತು ದಿನಕ್ಕೆ ಸಾವಿರದಲ್ಲಿ ಒಂದು ಪಾಲು. 100 ಮಿಲಿಕ್ಯೂರಿ ಎಂದರೆ ಪ್ರತಿ ಸೆಕೆಂಡಿಗೆ 370 ಕೋಟಿ ನ್ಯೂಕ್ಲಿಯಸ್‌ಗಳು ಮಗುಚುತ್ತಿವೆ ಎಂದು ಅರ್ಥ. ಸೆಕೆಂಡಿಗೆ ಒಂದು ಕ್ಷಯವನ್ನು ಒಂದು ಬೆಕೆರೆಲ್ ಎನ್ನುತ್ತಾರೆ, 1896ರಲ್ಲಿ ಯುರೇನಿಯಂ ಲವಣವು ಕಪ್ಪು ಕಾಗದದಲ್ಲಿ ಸುತ್ತಿಟ್ಟ ಛಾಯಾಚಿತ್ರದ ಫಲಕದ ಮೇಲೆ ಗುರುತು ಮೂಡಿಸಿದ್ದನ್ನು ಕಂಡ ಹೆನ್ರಿ ಬೆಕೆರೆಲ್ ಅವರ ಹೆಸರಿನಲ್ಲಿ. 370 ಕೋಟಿ ಎಂಬುದು ಕೇಳಲು ಭಯಂಕರ. ಆದರೆ ಅದಕ್ಕೆ ಬೇಕಾದ ಅಯೋಡಿನ್ನಿನ ತೂಕವನ್ನು ಲೆಕ್ಕ ಹಾಕಿದರೆ ಒಂದು ಮೈಕ್ರೋಗ್ರಾಂ ಕೂಡ ಆಗುವುದಿಲ್ಲ, ಸುಮಾರು 0.8. ದಿನಕ್ಕೆ ನಮ್ಮ ದೇಹಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಪರಮಾಣುಗಳು ಎಷ್ಟು ಸಣ್ಣವು, ಎಷ್ಟು ಅಸಂಖ್ಯ ಎಂಬುದು ಇದರಿಂದಲೇ ತಿಳಿಯುತ್ತದೆ.

ದ್ವಿತೀಯ ಪಿಯುಸಿ ಬರೆದರು:

ಸರ್, ಪಠ್ಯದಲ್ಲಿ ಸೂತ್ರವಿದೆ, ಆದರೆ ಇದು ಅರ್ಥವಾಗಲಿಲ್ಲ. ಎಂಟು ದಿನ ಕಳೆದ ಪರಮಾಣು 'ಹಳೆಯದು' ಆಗಿರಬೇಕಲ್ಲವೇ? ಹಳೆಯದಾದಷ್ಟೂ ಬೇಗ ಕ್ಷಯವಾಗಬೇಕಲ್ಲವೇ?

ನಿವೃತ್ತ ಭೌತಶಾಸ್ತ್ರ ಅಧ್ಯಾಪಕ ಬರೆದರು:

ಇಲ್ಲ, ಮಗು. ಈ ವಿಷಯದ ಜೀವಾಳವೇ ನಿನ್ನ ಪ್ರಶ್ನೆಯಲ್ಲಿದೆ. ನ್ಯೂಕ್ಲಿಯಸ್‌ಗೆ ವಯಸ್ಸಾಗುವುದಿಲ್ಲ. ಐದು ಎಸೆತಗಳಲ್ಲಿ ಮಗುಚದೆ ಉಳಿದ ಹುಣಸೆ ಬೀಜಕ್ಕೆ ಆರನೆಯ ಎಸೆತದಲ್ಲಿ ಮಗುಚುವ ಸಂಭವ ಹೇಗೆ ಮೊದಲಿನಷ್ಟೇ ಇರುತ್ತದೆಯೋ, ಹಾಗೆಯೇ ತಿಂಗಳುಗಟ್ಟಲೆ ಉಳಿದ ಅಯೋಡಿನ್-131ಕ್ಕೂ ಇಂದು ತಯಾರಾದ ಅಯೋಡಿನ್-131ಕ್ಕೂ ಮುಂದಿನ ಒಂದು ಗಂಟೆಯಲ್ಲಿ ಕ್ಷಯವಾಗುವ ಸಂಭವ ಒಂದೇ. ಮನುಷ್ಯರ ಆಯುಷ್ಯದ ಲೆಕ್ಕ ಇಲ್ಲಿ ನಡೆಯದು. 'ಅರ್ಧಾಯು' ಎಂಬ ಪದದಲ್ಲಿರುವ 'ಆಯು'ವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ ಎಂದು ನನಗೆ ಅನ್ನಿಸುತ್ತದೆ.

1900ರ ಸುಮಾರಿಗೆ ಮಾಂಟ್ರಿಯಲ್‌ನಲ್ಲಿ ಅರ್ನೆಸ್ಟ್ ರುದರ್‌ಫರ್ಡ್ ಥೋರಿಯಂ ಎಂಬ ವಿಕಿರಣಶೀಲ ಧಾತುವಿನಿಂದ ಹೊರಡುವ ಅನಿಲವನ್ನು ಅಳೆಯುತ್ತಿದ್ದಾಗ, ಅದರ ಚಟುವಟಿಕೆ ಸುಮಾರು ಒಂದು ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುವುದನ್ನು ಕಂಡರು. ಕಾಯಿಸಿದರೂ, ತಣಿಸಿದರೂ, ಯಾವ ರಾಸಾಯನಿಕದ ಜೊತೆ ಬೆರೆಸಿದರೂ ಈ ವೇಗವು ಬದಲಾಗುವುದಿಲ್ಲ, ಏಕೆಂದರೆ ಅಡುಗೆಯ ಒಲೆಯೂ ಆಮ್ಲವೂ ತಲುಪುವುದು ಪರಮಾಣುವಿನ ಹೊರ ಎಲೆಕ್ಟ್ರಾನುಗಳನ್ನು ಮಾತ್ರ. ಎಲೆಕ್ಟ್ರಾನನ್ನೇ ನ್ಯೂಕ್ಲಿಯಸ್ ಒಳಗೆ ಸೆಳೆದುಕೊಳ್ಳುವ ಕೆಲವು ಕ್ಷಯಗಳಲ್ಲಿ ಬಹಳ ಅಲ್ಪ ವ್ಯತ್ಯಾಸ ಬರುವುದುಂಟು. ಅಯೋಡಿನ್-131 ಆ ಜಾತಿಯದಲ್ಲ. ನ್ಯೂಕ್ಲಿಯಸ್‌ನ ಒಳಗಿರುವ ಆಲ್ಫಾ ಕಣಕ್ಕೆ (ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳ ಗಂಟು) ತನ್ನನ್ನು ಹಿಡಿದಿಟ್ಟ ಬಲದ ಗೋಡೆ ಹಾರುವಷ್ಟು ಶಕ್ತಿ ಇಲ್ಲದಿದ್ದರೂ, ಗೋಡೆಯ ಆಚೆ ಕಾಣಿಸಿಕೊಳ್ಳುವ ಒಂದು ಸಣ್ಣ ಸಂಭವ ಕ್ವಾಂಟಂ ನಿಯಮದಲ್ಲಿದೆ ಎಂದು 1928ರಲ್ಲಿ ಜಾರ್ಜ್ ಗ್ಯಾಮೊ ತೋರಿಸಿದರು. ಆ ಸಂಭವವು ಗೋಡೆಯ ಎತ್ತರ ದಪ್ಪಗಳಿಗೆ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂದರೆ, ಪೊಲೋನಿಯಂ-214ರ ಅರ್ಧಾಯು ಸೆಕೆಂಡಿನ ಹತ್ತು ಸಾವಿರದಲ್ಲಿ ಎರಡು ಪಾಲಿಗೂ ಕಡಿಮೆ, ಯುರೇನಿಯಂ-238ರದು ಸುಮಾರು 447 ಕೋಟಿ ವರ್ಷ. ಎರಡೂ ಹೊರಹಾಕುವುದು ಅದೇ ಆಲ್ಫಾ ಕಣವನ್ನು.

ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞೆ ಬರೆದರು:

ನಾನು ಇಂಥ ವಿಭಾಗದಲ್ಲಿಯೇ ಕೆಲಸ ಮಾಡುವವಳು. ನಿಮ್ಮ ಆಸ್ಪತ್ರೆಯವರು ಕೊಟ್ಟ ಸೂಚನಾ ಪತ್ರವೇ ನಿಮಗೆ ಅಂತಿಮ. ಎಷ್ಟು ದಿನ, ಎಷ್ಟು ದೂರ ಎಂಬುದನ್ನು ಅವರು ತಾಯಿಯವರ ಅಳತೆ ನೋಡಿ ನಿರ್ಧರಿಸಿರುತ್ತಾರೆ. ಆ ಸೂಚನೆಗಳ ಹಿಂದಿನ ಕಾರಣವನ್ನು ನಾನು ಹೇಳುತ್ತೇನೆ.

ಅಯೋಡಿನ್-131 ಕ್ಷಯವಾಗುವಾಗ ಅದರಿಂದ ಒಂದು ಬೀಟಾ ಕಣ, ಎಂದರೆ ವೇಗವಾದ ಒಂದು ಎಲೆಕ್ಟ್ರಾನ್, ಹೊರಡುತ್ತದೆ. ಬಹುಪಾಲು ಸಲ ಅದರ ಬೆನ್ನಿಗೇ ಒಂದು ಗಾಮಾ ಕಿರಣವೂ ಹೊರಡುತ್ತದೆ. ಬೀಟಾ ಕಣವು ಮಾಂಸದೊಳಗೆ ಹೆಚ್ಚೆಂದರೆ ಎರಡು ಮಿಲಿಮೀಟರಿನ ಆಸುಪಾಸು ಸಾಗಿ ನಿಲ್ಲುತ್ತದೆ. ಚಿಕಿತ್ಸೆ ಮಾಡುವುದು ಅದೇ: ಥೈರಾಯ್ಡ್ ಜೀವಕೋಶ ಅಯೋಡಿನ್ನನ್ನು ತಾನೇ ಹೀರಿಕೊಳ್ಳುತ್ತದೆ, ಬೀಟಾ ಕಣ ಅದನ್ನು ಒಳಗಿನಿಂದಲೇ ಸುಡುತ್ತದೆ, ಪಕ್ಕದ ಅಂಗಗಳಿಗೆ ಅದು ಹೆಚ್ಚಾಗಿ ತಲುಪುವುದಿಲ್ಲ. ಗಾಮಾ ಕಿರಣ ಮಾತ್ರ ದೇಹವನ್ನು ದಾಟಿ ಹೊರಬರುತ್ತದೆ. ಅದರಿಂದ ನಮಗೆ ಉಪಕಾರವೂ ಇದೆ, ಏಕೆಂದರೆ ಔಷಧ ಎಲ್ಲೆಲ್ಲಿ ಸೇರಿದೆ ಎಂದು ಗಾಮಾ ಕ್ಯಾಮೆರಾ ನೋಡುವುದು ಆ ಕಿರಣದಿಂದಲೇ. ನಿಮ್ಮ ಮಗಳು ಮೆಟ್ಟಿಲ ಮೇಲೆ ಕೂರಬೇಕಾಗಿರುವುದೂ ಅದೇ ಕಿರಣದಿಂದ. ದೂರ ಎರಡು ಪಟ್ಟಾದರೆ ಕಿರಣದ ಪ್ರಮಾಣ ಸುಮಾರು ಕಾಲು ಭಾಗವಾಗುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದು. ಆ ಮೂರನೆಯ ಮೆಟ್ಟಿಲು ಒಳ್ಳೆಯ ಜಾಗ.

ಈಗ ಚಿಲಕದ ವಿಚಾರ. ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ತಾಯಿಯವರ ದೇಹದಿಂದ ಬಂದ ಗಾಮಾ ಕಿರಣವು ಚಿಲಕಕ್ಕೆ ತಗುಲಿದರೆ ಚಿಲಕ ವಿಕಿರಣಶೀಲವಾಗುವುದಿಲ್ಲ; ದೀಪದ ಬೆಳಕು ಬಿದ್ದ ಗೋಡೆ ದೀಪವಾಗುವುದಿಲ್ಲವಲ್ಲ, ಹಾಗೆ. ಆದರೆ ಬೆವರು, ಜೊಲ್ಲು, ಮೂತ್ರದಲ್ಲಿ ಅಯೋಡಿನ್ನೇ ಸ್ವಲ್ಪ ಹೊರಬರುತ್ತದೆ, ಮತ್ತು ಅದು ಕೈಗೆ, ಲೋಟಕ್ಕೆ ಅಂಟಬಹುದು. ಅಲ್ಲಿ ಸಾಗಿದ್ದು ಕಿರಣವಲ್ಲ, ವಸ್ತು. ಅದನ್ನು ಸೋಪು ನೀರಿನಿಂದ ತೊಳೆದರೆ ಹೋಗುತ್ತದೆ. ತಟ್ಟೆ ಟವೆಲ್ಲು ಬೇರೆ ಇಡುವುದು, ಶೌಚಾಲಯಕ್ಕೆ ಎರಡು ಸಲ ನೀರು ಬಿಡುವುದು, ಹೆಚ್ಚು ನೀರು ಕುಡಿಯುವುದು, ಇವೆಲ್ಲ ಇದಕ್ಕಾಗಿಯೇ. ಗ್ರಂಥಿ ತೆಗೆದವರಲ್ಲಿ ಅಯೋಡಿನ್ನಿನ ಬಹುಪಾಲು ಮೊದಲ ಎರಡು ಮೂರು ದಿನಗಳಲ್ಲೇ ಮೂತ್ರದಲ್ಲಿ ಹೋಗಿಬಿಡುತ್ತದೆ. ಹಾಗಾಗಿ ಮೇಷ್ಟ್ರು ಹೇಳಿದ ಎಂಟು ದಿನದ ಲೆಕ್ಕ ಸೀಸೆಯಲ್ಲಿಟ್ಟ ಅಯೋಡಿನ್ನಿಗೆ ಸರಿ. ದೇಹದೊಳಗಿನದು ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ತಾಯಿಯವರನ್ನು ಬಿಡುಗಡೆ ಮಾಡುವ ಮುನ್ನ ಅಳೆದದ್ದು ಇದನ್ನೇ.

ತಟ್ಟೆಯನ್ನು ಹೊರಗಿಟ್ಟು ಹೋಗಿ ಎನ್ನುತ್ತಾರೆ ಎಂದು ಬರೆದಿದ್ದೀರಿ. ದೊಡ್ಡವರಾದ ನೀವು ತಟ್ಟೆ ತೆಗೆದುಕೊಂಡು ಒಳಗೆ ಹೋಗಿ, ಎರಡು ಮಾತನಾಡಿ, ಕೈ ತೊಳೆದುಕೊಂಡು ಬನ್ನಿ. ಪತ್ರದಲ್ಲಿ ಬೇಡ ಎಂದು ಬರೆದಿಲ್ಲವಾದರೆ, ನೀವು ಬಸುರಿ ಅಲ್ಲವಾದರೆ, ಅಷ್ಟಕ್ಕೆ ಹೆದರಬೇಕಾಗಿಲ್ಲ. ವಾರ್ಡಿನ ಗಾಜಿನ ಆಚೆ ಕುಳಿತು ಅಳುವ ಎಷ್ಟೋ ತಾಯಂದಿರನ್ನು ನೋಡಿದ್ದೇನೆ. ಔಷಧಕ್ಕಿಂತ ಒಂಟಿತನವೇ ಅವರನ್ನು ಹೆಚ್ಚು ಹಣ್ಣು ಮಾಡುತ್ತದೆ.

ಅಡುಗೆಮನೆಯಿಂದ ಬರೆದರು:

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾವು ದಿನಾ ಬಳಸುವುದೂ ಅಯೋಡಿನ್ ಉಪ್ಪೇ ಅಲ್ಲವೇ? ಅದರಲ್ಲಿಯೂ ವಿಕಿರಣ ಇದೆಯೇ?

ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞೆ ಬರೆದರು:

ಇಲ್ಲ. ಉಪ್ಪಿನಲ್ಲಿರುವುದು ಅಯೋಡಿನ್-127. ಎರಡರಲ್ಲಿಯೂ 53 ಪ್ರೋಟಾನುಗಳಿವೆ, ಆದ್ದರಿಂದ ಎರಡೂ ಅಯೋಡಿನ್ನೇ. 127ರಲ್ಲಿ 74 ನ್ಯೂಟ್ರಾನುಗಳು, 131ರಲ್ಲಿ 78. ಆ ನಾಲ್ಕು ಹೆಚ್ಚಿನ ನ್ಯೂಟ್ರಾನುಗಳಿಂದಲೇ ಅಸಮತೋಲನ. ಕ್ಷಯದಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ, ಆಗ ಹುಟ್ಟಿದ ಎಲೆಕ್ಟ್ರಾನೇ ಬೀಟಾ ಕಣ.

ದೇಹಕ್ಕೆ ಮಾತ್ರ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ಚಿಕಿತ್ಸೆಗೆ ಮೊದಲು ಅಯೋಡಿನ್ ಉಪ್ಪು ಬಿಡಿಸಿ, ಜೀವಕೋಶಗಳನ್ನು ಅಯೋಡಿನ್ನಿಗಾಗಿ ಹಸಿದಿರುವಂತೆ ಮಾಡುತ್ತೇವೆ. ಅಣುಸ್ಥಾವರದ ಅಪಘಾತದಲ್ಲಿ ಇದೇ ತತ್ವವನ್ನು ತಿರುಗಿಸಿ ಬಳಸುತ್ತಾರೆ: ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಕೊಟ್ಟು ಗ್ರಂಥಿಯನ್ನು ಸ್ಥಿರ ಅಯೋಡಿನ್ನಿನಿಂದ ಮೊದಲೇ ತುಂಬಿಸಿದರೆ ವಿಕಿರಣಶೀಲ ಅಯೋಡಿನ್ನಿಗೆ ಜಾಗ ಉಳಿಯುವುದಿಲ್ಲ. 1986ರಲ್ಲಿ ಚೆರ್ನೋಬಿಲ್ ಸುತ್ತ ಹುಲ್ಲಿನ ಮೇಲೆ ಬಿದ್ದ ಅಯೋಡಿನ್-131 ಹಸುಗಳ ಹಾಲಿನ ಮೂಲಕ ಮಕ್ಕಳ ಗ್ರಂಥಿಗೆ ಸೇರಿ, ಮುಂದೆ ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂದಿತು. ಕಾಯಿಲೆ ತಂದದ್ದೂ, ನಿಮ್ಮ ತಾಯಿಯವರ ಕಾಯಿಲೆಗೆ ಔಷಧವಾದದ್ದೂ ಒಂದೇ ನ್ಯೂಕ್ಲಿಯಸ್.

ಗುಜರಿ ವ್ಯಾಪಾರಿಯ ಮಗ ಬರೆದರು:

ನೆಂಟರ ಭಯವನ್ನು ಅಜ್ಞಾನ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ, ಹಳೆಯ ಸಂಶೋಧನಾ ಉಪಕರಣವೊಂದರಲ್ಲಿದ್ದ ಕೋಬಾಲ್ಟ್-60 ಅನ್ನು ಏನೆಂದು ತಿಳಿಯದೆ ಬಿಚ್ಚಿ, ಒಬ್ಬರು ಪ್ರಾಣ ಕಳೆದುಕೊಂಡರು, ಹಲವರು ಆಸ್ಪತ್ರೆ ಸೇರಿದರು. ಆ ಲೋಹಕ್ಕೆ ಬಣ್ಣ, ವಾಸನೆ, ಬಿಸಿ ಏನೂ ಇರಲಿಲ್ಲ. ಅಂದಿನಿಂದ ನಮ್ಮ ತಂದೆ ಅಂಗಡಿಯ ಗೋಡೆಗೆ ಹಳದಿ ಹಿನ್ನೆಲೆಯ ಮೂರು ದಳದ ಚಿಹ್ನೆಯ ಚಿತ್ರ ಅಂಟಿಸಿ, ಇದು ಕಂಡ ಯಾವ ಡಬ್ಬವನ್ನೂ ಸುತ್ತಿಗೆಯಿಂದ ಮುಟ್ಟಕೂಡದು ಎಂದು ಕೆಲಸದವರಿಗೆ ಹೇಳಿದ್ದಾರೆ. ಕಾಣದ್ದಕ್ಕೆ ಹೆದರುವುದು ಸಹಜ.

ನಿವೃತ್ತ ಭೌತಶಾಸ್ತ್ರ ಅಧ್ಯಾಪಕ ಬರೆದರು:

ತಾವು ಹೇಳಿದ್ದು ಸರಿ, ಒಪ್ಪುತ್ತೇನೆ. ಭಯ ಇರಲಿ, ಆದರೆ ಅದಕ್ಕೊಂದು ಅಳತೆ ಇರಬೇಕು. ಮಾಯಾಪುರಿಯಲ್ಲಿ ಜನ ಬಲವಾದ ಮೂಲವನ್ನು ಕೈಯಲ್ಲಿ ಹಿಡಿದಿದ್ದರು, ಕೋಬಾಲ್ಟ್-60ರ ಅರ್ಧಾಯು 5.27 ವರ್ಷ, ಅದು ಮೂತ್ರದಲ್ಲಿ ಹೋಗುವಂಥದ್ದೂ ಅಲ್ಲ. ಅದೇ ಕೋಬಾಲ್ಟಿನ ಗಾಮಾ ಕಿರಣವನ್ನು 2007ರಿಂದ ಅಮೆರಿಕಕ್ಕೆ ಕಳುಹಿಸುವ ನಮ್ಮ ಮಾವಿನಹಣ್ಣುಗಳ ಮೇಲೆ, ಒಳಗಿನ ಹುಳುಗಳಿಗಾಗಿ ಹಾಯಿಸುತ್ತಾರೆ. ಆ ಹಣ್ಣು ತಿಂದವರಿಗೆ ವಿಕಿರಣದಿಂದ ಏನೂ ಆಗುವುದಿಲ್ಲ, ಏಕೆಂದರೆ ಹಣ್ಣಿಗೆ ತಗುಲಿದ್ದು ಕಿರಣ, ಕೋಬಾಲ್ಟ್ ಅಲ್ಲ.

ಕರಾವಳಿಯ ಓದುಗ ಬರೆದರು:

ನಮ್ಮ ಉಳ್ಳಾಲದ ಕಡಲತೀರದಲ್ಲಿ ಕೆಲವೆಡೆ ಮರಳಿನೊಳಗೆ ಮೊನಜೈಟ್ ಇದೆ, ಅದರಲ್ಲಿ ಥೋರಿಯಂ ಇದೆ. ಕೇರಳದ ಕರುನಾಗಪಳ್ಳಿ, ಚವರ ಕಡೆ ಇನ್ನೂ ಹೆಚ್ಚು. ಅಲ್ಲಿನ ಜನರನ್ನು ದೀರ್ಘಕಾಲ ಗಮನಿಸಿದ ಅಧ್ಯಯನದಲ್ಲಿ ಈ ಹಿನ್ನೆಲೆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲ. ಎಳನೀರಿನ ಪೊಟ್ಯಾಸಿಯಂನಲ್ಲಿಯೂ ಸ್ವಲ್ಪ ಪೊಟ್ಯಾಸಿಯಂ-40 ಇದೆ, ನಮ್ಮ ದೇಹದಲ್ಲಿಯೂ ಇದೆ. ಎಪ್ಪತ್ತು ಕಿಲೋ ತೂಕದವರೊಬ್ಬರ ದೇಹದಲ್ಲಿ ಅದರಿಂದಲೇ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕ್ಷಯಗಳು ನಡೆಯುತ್ತಿರುತ್ತವೆ. ಹಾಗಿದ್ದ ಮೇಲೆ ಸಣ್ಣ ಪ್ರಮಾಣದಿಂದ ಏನೂ ಇಲ್ಲ ಎಂದೇ ಹೇಳಿಬಿಡಬಹುದಲ್ಲ?

ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞೆ ಬರೆದರು:

ಅಷ್ಟು ದೂರ ಹೋಗಲು ನಾನು ಸಿದ್ಧಳಿಲ್ಲ. ಪ್ರಪಂಚದ ಸರಾಸರಿ ಮನುಷ್ಯನಿಗೆ ನಿಸರ್ಗದಿಂದಲೇ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಬರುತ್ತದೆ, ಅದರಲ್ಲಿ ಅರ್ಧದಷ್ಟು ರೇಡಾನ್ ಅನಿಲದಿಂದ. ಬೆಕೆರೆಲ್ ಎಷ್ಟು ಕ್ಷಯಗಳು ಎಂದು ಎಣಿಸಿದರೆ, ಸೀವರ್ಟ್ ಅವು ದೇಹಕ್ಕೆ ಎಷ್ಟು ಹಾನಿ ಮಾಡಬಲ್ಲವು ಎಂದು ಅಂದಾಜು ಮಾಡುತ್ತದೆ; ಎರಡನ್ನು ಬೆರೆಸಬಾರದು. ಸಣ್ಣ ಪ್ರಮಾಣದ ಅಪಾಯವು ಇದ್ದರೂ ಎಣಿಕೆಗೆ ಸಿಗದಷ್ಟು ಸಣ್ಣದು. ಆದರೂ ಸುರಕ್ಷತೆಯ ನಿಯಮಗಳು, ಪ್ರಮಾಣ ಕಡಿಮೆಯಾದಂತೆ ಅಪಾಯವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆಯೇ ಹೊರತು ಎಲ್ಲಿಯೂ ಪೂರ್ತಿ ಸೊನ್ನೆಯಾಗುವುದಿಲ್ಲ ಎಂದು ಭಾವಿಸಿ ರೂಪುಗೊಂಡಿವೆ. ಆರು ವರ್ಷದ ಮಗುವನ್ನು ಕೆಲವು ದಿನ ದೂರವಿಡುವುದು ಸುಲಭವಾಗಿರುವಾಗ, ಇಡುವುದೇ ಸರಿ.

ಕಲ್ಲು ಓದುವವನು ಬರೆದರು:

ಭೂವಿಜ್ಞಾನದ ಕಡೆಯಿಂದ ಒಂದೇ ಮಾತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಹೇಳುತ್ತಾರಲ್ಲ, ಇಂಥ ವಯಸ್ಸುಗಳನ್ನು ಹೇಳಿಸುವುದೂ ಈ ಅರ್ಧಾಯುವೇ. ಇಂಥ ಕಲ್ಲುಗಳಲ್ಲಿರುವ ಜಿರ್ಕಾನ್ ಎಂಬ ಪುಟ್ಟ ಹರಳು ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಇಂದು ಒಳಗೆ ಸಿಗುವ ಸೀಸವೆಲ್ಲ ಹೆಚ್ಚುಕಡಿಮೆ ಕ್ಷಯದಿಂದಲೇ ಬಂದದ್ದು. 300 ಕೋಟಿ ವರ್ಷಗಳಲ್ಲಿ ಯುರೇನಿಯಂ-238ರಲ್ಲಿ ನೂರಕ್ಕೆ 63ರಷ್ಟು ಉಳಿದಿರುತ್ತದೆ, 70 ಕೋಟಿ ವರ್ಷದ ಅರ್ಧಾಯುವಿನ ಯುರೇನಿಯಂ-235ರಲ್ಲಿ ಐದರಷ್ಟು ಮಾತ್ರ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ಹೊತ್ತು ತೋರಿಸಿದರೆ ನಂಬುತ್ತೇವೆ. ಯಾವ ಪರಮಾಣು ಯಾವಾಗ ಎಂದು ಹೇಳಲಾಗದಿದ್ದರೂ, ಕೋಟ್ಯಂತರ ಪರಮಾಣುಗಳ ಗುಂಪು ಇಷ್ಟು ಕರಾರುವಾಕ್ಕಾಗಿ ನಡೆದುಕೊಳ್ಳುವುದು ನನಗೆ ಇಂದಿಗೂ ಬೆರಗು.

ಮಲೆನಾಡಿನ ಮಗಳು ಬರೆದರು:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸೂಚನಾ ಪತ್ರವನ್ನು ಮತ್ತೊಮ್ಮೆ ಓದಿ, ಆಸ್ಪತ್ರೆಗೂ ಫೋನ್ ಮಾಡಿ ಕೇಳಿಕೊಂಡು, ತಟ್ಟೆಯನ್ನು ನಾನೇ ಒಳಗೆ ತೆಗೆದುಕೊಂಡು ಹೋದೆ. ಅಮ್ಮ ಮೊದಲು ಬೈದರು. ಆಮೇಲೆ ಕಿಟಕಿಯ ಬಳಿ ಅವರು, ಬಾಗಿಲ ಬಳಿ ನಾನು ಕುಳಿತು ಹುಣಸೆ ಬೀಜದ ಲೆಕ್ಕ ಹೇಳಿದೆ. ಸಂಜೆ ಮಗಳಿಗೂ ಹೇಳಿದೆ. ಚೌಕಾಬಾರದ ಬೀಜಗಳನ್ನು ಮೆಟ್ಟಿಲ ಮೇಲೆ ಚೆಲ್ಲಿ ಆಡಿದಳು. ಅವಳು ಕೇಳಿದ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ: ಮಗುಚಿದ ಬೀಜವನ್ನು ನಾವು ಪಕ್ಕಕ್ಕಿಡುತ್ತೇವೆ, ಅಜ್ಜಿಯ ಒಳಗೆ ಮಗುಚಿದ ಅಯೋಡಿನ್ ಎಲ್ಲಿಗೆ ಹೋಗುತ್ತದೆ?

ನಿವೃತ್ತ ಭೌತಶಾಸ್ತ್ರ ಅಧ್ಯಾಪಕ ಬರೆದರು:

ಮಗುವಿಗೆ ಹೀಗೆ ಹೇಳಿ. ಒಂದು ಪ್ರೋಟಾನ್ ಹೆಚ್ಚಾದ ಮೇಲೆ ಅದು ಅಯೋಡಿನ್ ಆಗಿ ಉಳಿಯುವುದಿಲ್ಲ, ಕ್ಸೆನಾನ್ ಎಂಬ ಅನಿಲವಾಗುತ್ತದೆ. ಕ್ಸೆನಾನ್-131 ಸ್ಥಿರವಾದದ್ದು, ಯಾವುದರ ಜೊತೆಯೂ ಸುಲಭವಾಗಿ ಸೇರುವುದಿಲ್ಲ. ಅದು ರಕ್ತದಲ್ಲಿ ಶ್ವಾಸಕೋಶಕ್ಕೆ ಬಂದು, ಅಜ್ಜಿಯ ಉಸಿರಿನ ಜೊತೆ ಹೊರಗೆ ಹೋಗುತ್ತದೆ.